ಹಿರಿಯರ ಚರ್ಮದ ಕ್ಯಾನ್ಸರ್‌ಗೆ ರೇಡಿಯೇಷನ್: ರಿಪೋರ್ಟ್ ಬಂದ ದಿನದಿಂದ ಗಾಯ ಮಾಯುವವರೆಗೆ

ಅಜ್ಜಿಯ ಮೂಗಿನ ಪಕ್ಕದ ಕಪ್ಪು ಗಂಟು ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ಕೂಡಲೇ ಮನೆಯಲ್ಲಿ ಎರಡು ಮಾತು ಏಳುತ್ತವೆ. ‘ಈ ವಯಸ್ಸಲ್ಲಿ ಯಾಕೆ ಹಿಂಸೆ, ಸುಮ್ನೆ ಬಿಟ್ಟುಬಿಡೋಣ’ ಅನ್ನುವವರು ಒಬ್ಬರು. ‘ಡಾಕ್ಟರ್ ಏನು ಹೇಳ್ತಾರೋ ಅಷ್ಟನ್ನೂ ಮಾಡಿಸೋಣ’ ಅನ್ನುವವರು ಇನ್ನೊಬ್ಬರು. ಇಬ್ಬರದೂ ಪ್ರೀತಿಯೇ. ಆದರೆ ಇಬ್ಬರೂ ಒಂದು ವಿಷಯ ಕೇಳಿರುವುದಿಲ್ಲ. ಚರ್ಮದ ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ ಎಲ್ಲರಿಗೂ ಒಂದೇ ಅಳತೆಯದಲ್ಲ. ಆರು ವಾರ ದಿನಾ ಹೋಗಿ ಬರುವುದೂ ಇದೆ, ವಾರಕ್ಕೊಂದು ಸಲದಂತೆ ಐದಾರು ಸಲ ಹೋಗುವುದೂ ಇದೆ. ಕೆಲವರಿಗೆ ಒಂದೇ ಒಂದು ಸಲ ಸಾಕಾಗುತ್ತದೆ. ನಿಮ್ಮ ಹಿರಿಯರ ಶಕ್ತಿಗೆ ಯಾವುದು ಹೊಂದುತ್ತದೆ ಅಂತ ಡಾಕ್ಟರ ಎದುರು ಕೂತು ಕೇಳುವ ಕೆಲಸ ಮನೆಯವರದು. ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ.

ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಎರಡು ಬಗೆಯ ಕ್ಯಾನ್ಸರ್ ಬಗ್ಗೆ. ಒಂದು ಬೇಸಲ್ ಸೆಲ್. ಇದು ನಿಧಾನಿ. ದೇಹದ ಬೇರೆ ಕಡೆ ಹರಡುವುದು ತೀರಾ ಅಪರೂಪ, ಆದರೆ ಇದ್ದ ಜಾಗವನ್ನು ತಿನ್ನುತ್ತಾ ಹೋಗುತ್ತದೆ. ಇನ್ನೊಂದು ಸ್ಕ್ವೇಮಸ್ ಸೆಲ್. ಇದು ಸ್ವಲ್ಪ ಚುರುಕು, ಹತ್ತಿರದ ದುಗ್ಧಗ್ರಂಥಿಗಳಿಗೆ (ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿರುವ ಸಣ್ಣ ಗ್ರಂಥಿಗಳಿಗೆ) ಹೋಗಬಹುದು. ಮೆಲನೋಮ ಅನ್ನುವ ಮೂರನೆಯದರ ದಾರಿಯೇ ಬೇರೆ. ನಮ್ಮ ಕಡೆ ಅದು ಅಂಗಾಲಲ್ಲಿ, ಉಗುರಿನ ಕೆಳಗೆ ಕಾಣುವುದು ಜಾಸ್ತಿ. ಅದಕ್ಕೆ ಮೊದಲ ಚಿಕಿತ್ಸೆ ಆಪರೇಷನ್.

ಮೊದಲು ಬಯಾಪ್ಸಿ

ಒಂದು ತಿಂಗಳು ಕಳೆದರೂ ಮಾಯದ ಗಾಯ, ಹಕ್ಕಳೆ ಕಟ್ಟಿ ಉದುರಿ ಮತ್ತೆ ರಕ್ತ ಬರುವ ಜಾಗ, ಅಂಚು ಸ್ವಲ್ಪ ಎದ್ದು ಮಧ್ಯೆ ಕುಳಿ ಬಿದ್ದ ಗಂಟು: ಇವನ್ನು ಚರ್ಮದ ಡಾಕ್ಟರಿಗೆ ತೋರಿಸಲೇಬೇಕು. ನಮ್ಮ ಬಣ್ಣದ ಚರ್ಮದಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಹೆಚ್ಚಾಗಿ ಕಪ್ಪಗೇ ಇರುತ್ತದೆ. ಹಾಗಾಗಿ ‘ಮಚ್ಚೆ ದೊಡ್ಡದಾಗಿದೆ ಅಷ್ಟೇ’ ಅಂತ ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಮೂಗು, ಕೆಳಗಿನ ರೆಪ್ಪೆ, ಕಣ್ಣಿನ ಒಳಮೂಲೆ ಅದರ ಇಷ್ಟದ ಜಾಗಗಳು. ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಹಳೆಯ ಸುಟ್ಟ ಕಲೆಯ ಮೇಲೆ, ವರ್ಷಗಳಿಂದ ಮಾಯದ ಕಾಲಿನ ಹುಣ್ಣಿನಲ್ಲಿ, ಕೆಳತುಟಿಯಲ್ಲಿ, ಕಿವಿಯ ಅಂಚಿನಲ್ಲಿ ಬರುತ್ತದೆ.

ಸುಣ್ಣ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಸುಡುವುದು, ಯಾರೋ ಕೊಟ್ಟ ಲೇಪ ಕಟ್ಟುವುದು ಇನ್ನೂ ನಿಂತಿಲ್ಲ. ದಯವಿಟ್ಟು ಮಾಡಬೇಡಿ. ಮೇಲಿನ ಚರ್ಮ ಸುಟ್ಟು ಮುಚ್ಚಿಕೊಂಡು ಒಳಗಿನದು ಬೆಳೆಯುತ್ತಲೇ ಇರುತ್ತದೆ. ಆಮೇಲೆ ಅದರ ಅಂಚು ಎಲ್ಲಿದೆ ಅಂತ ಹುಡುಕುವುದು ಡಾಕ್ಟರಿಗೂ ಕಷ್ಟ.

ಬಯಾಪ್ಸಿ ಅಂದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚೂರು ಚರ್ಮ ತೆಗೆಯುವುದು. ‘ಚುಚ್ಚಿದರೆ ಹರಡುತ್ತೆ’ ಅನ್ನುವ ಭಯ ಬೇಡ, ಚರ್ಮದ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ. ರಿಪೋರ್ಟ್ ಜೊತೆಗೆ ಗಾಜಿನ ಸ್ಲೈಡ್‌ಗಳನ್ನೂ, ತೆಗೆದ ಚರ್ಮವನ್ನು ಕೂರಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಇಸಿದುಕೊಳ್ಳಿ. ದೊಡ್ಡ ಆಸ್ಪತ್ರೆಯಲ್ಲಿ ಅವನ್ನು ಇನ್ನೊಮ್ಮೆ ನೋಡುತ್ತಾರೆ. ಇಲ್ಲದಿದ್ದರೆ ಅದಕ್ಕಾಗಿಯೇ ಮತ್ತೆ ಊರಿಗೆ ಓಡಬೇಕು. ಸ್ಕ್ವೇಮಸ್ ಅಂತ ಬಂದಿದ್ದರೆ ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿಯಲ್ಲಿ ಗಂಟು ಇದೆಯಾ ಅಂತ ಪರೀಕ್ಷೆ ಆಗಬೇಕು.

ಆಪರೇಷನ್ನೋ, ರೇಡಿಯೇಷನ್ನೋ

ಆಪರೇಷನ್ ಮಾಡಿಸಲು ಆಗುವವರಿಗೆ ಸಾಮಾನ್ಯವಾಗಿ ಆಪರೇಷನ್ನೇ ಮೊದಲು. ಫ್ರಾನ್ಸಿನಲ್ಲಿ 347 ಜನರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮುಖದ ಮೇಲಿನ, ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕ ಬೇಸಲ್ ಸೆಲ್ ಕ್ಯಾನ್ಸರ್‌ಗೆ ಅರ್ಧ ಜನರಿಗೆ ಆಪರೇಷನ್, ಅರ್ಧ ಜನರಿಗೆ ರೇಡಿಯೇಷನ್ ಮಾಡಿ ನೋಡಿದರು. ನಾಲ್ಕು ವರ್ಷದ ಲೆಕ್ಕದಲ್ಲಿ ಕ್ಯಾನ್ಸರ್ ಉಳಿದದ್ದು ಅಥವಾ ಮರುಕಳಿಸಿದ್ದು ಆಪರೇಷನ್ ಆದವರಲ್ಲಿ ಶೇ 0.7, ರೇಡಿಯೇಷನ್ ಆದವರಲ್ಲಿ ಶೇ 7.5. ಕಲೆ ಚೆನ್ನಾಗಿ ಮಾಗಿದ್ದೂ ಆಪರೇಷನ್ ಆದವರಲ್ಲೇ ಜಾಸ್ತಿ. ಇದನ್ನು ಮುಚ್ಚಿಟ್ಟು ರೇಡಿಯೇಷನ್ ಹೊಗಳುವುದು ಸರಿಯಲ್ಲ. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿ. ರೇಡಿಯೇಷನ್ ಪಡೆದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ನಾಲ್ಕು ವರ್ಷವಾದರೂ ಕ್ಯಾನ್ಸರ್ ತಿರುಗಿ ಬರಲಿಲ್ಲ. ಎಂಬತ್ತೈದು ದಾಟಿದ, ಹೃದಯದ ತೊಂದರೆ ಇರುವ, ಆಪರೇಷನ್ ಅಂದರೆ ಬೇಡವೇ ಬೇಡ ಅನ್ನುವ ಹಿರಿಯರಿಗೆ ಇದು ಸಣ್ಣ ಭರವಸೆಯಲ್ಲ.

ರೇಡಿಯೇಷನ್ ಕಡೆ ತಕ್ಕಡಿ ವಾಲುವುದು ಯಾವಾಗ? ಆಪರೇಷನ್ ಮಾಡಿದರೆ ಮೂಗಿನ ತುದಿ, ಕೆಳಗಿನ ರೆಪ್ಪೆ, ಕಿವಿ ಅಥವಾ ತುಟಿಯ ಆಕಾರ ಕೆಡುವಂತಿದ್ದಾಗ. ಬೇರೆ ಕಡೆಯಿಂದ ಚರ್ಮ ತಂದು ಕೂರಿಸುವಷ್ಟು ದೊಡ್ಡ ಆಪರೇಷನ್ ಬೇಕಾಗಿ, ಅದನ್ನು ತಡೆಯುವ ಶಕ್ತಿ ದೇಹಕ್ಕಿಲ್ಲದಾಗ. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸುವಂತಿಲ್ಲದಾಗ. ಆಪರೇಷನ್ ಆದ ಮೇಲೂ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆ, ಅಥವಾ ಅದು ನರದ ಗುಂಟ ಹೋಗಿದೆ ಅಂತ ರಿಪೋರ್ಟ್ ಬಂದಾಗ.

ವಯಸ್ಸು ಇಲ್ಲಿ ಅಡ್ಡಿಯಲ್ಲ, ಒಂದು ರೀತಿಯಲ್ಲಿ ಅನುಕೂಲವೇ. ರೇಡಿಯೇಷನ್ ಕೊಟ್ಟ ಚರ್ಮ ವರ್ಷ ಕಳೆದಂತೆ ಬಿಳಿಚಿಕೊಳ್ಳುತ್ತದೆ, ತೆಳುವಾಗುತ್ತದೆ. ಹತ್ತಿಪ್ಪತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಹೊಸ ಕ್ಯಾನ್ಸರ್ ಬರುವ ಸಣ್ಣ ಅಪಾಯವೂ ಇದೆ. ಅದಕ್ಕೇ ಚಿಕ್ಕ ವಯಸ್ಸಿನವರಿಗೆ ಡಾಕ್ಟರು ಹಿಂದೇಟು ಹಾಕುತ್ತಾರೆ. ಎಂಬತ್ತರ ಆಸುಪಾಸಿನವರಲ್ಲಿ ಆ ಚಿಂತೆ ಕಡಿಮೆ.

ರೇಡಿಯೇಷನ್ ಹೊಂದದ ಸಂದರ್ಭಗಳೂ ಇವೆ, ಇವನ್ನು ನೀವಾಗಿಯೇ ಹೇಳಿ: ಹಿಂದೆ ಅದೇ ಜಾಗಕ್ಕೆ ರೇಡಿಯೇಷನ್ ಆಗಿದ್ದರೆ, ಲೂಪಸ್ ಅಥವಾ ಸ್ಕ್ಲೀರೋಡರ್ಮ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆಗಳು) ಇದ್ದರೆ, ಮನೆತನದಲ್ಲಿ ಚಿಕ್ಕಂದಿನಿಂದಲೇ ಚರ್ಮದ ಕ್ಯಾನ್ಸರ್ ಬರುವ ಕಾಯಿಲೆ ಇದ್ದರೆ. ಮೊಣಕಾಲಿನ ಕೆಳಗಿನ ಗಡ್ಡೆಗೆ ರೇಡಿಯೇಷನ್ ಕೊಟ್ಟರೆ ಗಾಯ ಮಾಯುವುದು ಬಹಳ ನಿಧಾನ. ಅದರಲ್ಲೂ ಶುಗರ್ ಇದ್ದು ಕಾಲು ಊದುವವರಲ್ಲಿ. ಮೂಳೆಯೊಳಗೆ ಇಳಿದ ಕ್ಯಾನ್ಸರ್‌ಗೂ ಇದೊಂದೇ ಸಾಲುವುದಿಲ್ಲ.

ಮೂರನೆಯ ದಾರಿ ಕಾದು ನೋಡುವುದು. ತೊಂಬತ್ತು ದಾಟಿ ಹಾಸಿಗೆ ಹಿಡಿದಿರುವವರ ಬೆನ್ನ ಮೇಲೆ ಒಂದು ಸಣ್ಣ ಬೇಸಲ್ ಸೆಲ್ ಗಂಟು ನೋವಿಲ್ಲದೆ ಇದ್ದರೆ ಅದನ್ನು ಹಾಗೇ ಬಿಡುವುದು ನಿರ್ಲಕ್ಷ್ಯ ಅಲ್ಲ. ಆದರೆ ಕಣ್ಣಿನ ಪಕ್ಕದ್ದನ್ನು, ತುಟಿ ಅಥವಾ ಕಿವಿಯ ಸ್ಕ್ವೇಮಸ್ ಸೆಲ್ ಗಡ್ಡೆಯನ್ನು ಹಾಗೆ ಬಿಡಬೇಡಿ. ಕಟ್ಟಕಡೆಗೆ ಜೀವ ಹಿಂಡುವುದು ಸಾವಿಗಿಂತ ಹೆಚ್ಚಾಗಿ ಆ ಹುಣ್ಣಿನ ನೋವು, ವಾಸನೆ, ರಕ್ತ. ‘ವಯಸ್ಸಾಯ್ತಲ್ಲ’ ಅಂತ ಬಿಟ್ಟವರು ಆಮೇಲೆ ಪಡುವ ಪಾಡು ಅದು.

ಎಷ್ಟು ಸಿಟ್ಟಿಂಗ್? ಈ ಪ್ರಶ್ನೆ ಕೇಳದೆ ಎದ್ದು ಬರಬೇಡಿ

ಒಂದು ಸಲ ಹೋಗಿ ರೇಡಿಯೇಷನ್ ತೆಗೆದುಕೊಳ್ಳುವುದಕ್ಕೆ ಒಂದು ಸಿಟ್ಟಿಂಗ್ ಅನ್ನುತ್ತಾರೆ. ರೇಡಿಯೇಷನ್ ಅಳೆಯುವುದು ಗ್ರೇ ಅನ್ನುವ ಮಾನದಲ್ಲಿ. ಪೂರ್ತಿ ಗುಣ ಮಾಡುವ ಉದ್ದೇಶದ ದೊಡ್ಡ ಕೋರ್ಸ್ ಅಂದರೆ ದಿನಕ್ಕೆ 2 ಗ್ರೇಯಂತೆ 60ರಿಂದ 66 ಗ್ರೇ. ವಾರಕ್ಕೆ ಐದು ದಿನ, ಆರು ವಾರದ ಮೇಲೆ. ದಿನದ ಪ್ರಮಾಣ ಸ್ವಲ್ಪ ಏರಿಸಿದರೆ 50ರಿಂದ 55 ಗ್ರೇಯನ್ನು 20 ಸಿಟ್ಟಿಂಗ್‌ನಲ್ಲಿ, ನಾಲ್ಕು ವಾರದಲ್ಲಿ ಮುಗಿಸಬಹುದು. ಇನ್ನೂ ಏರಿಸಿದರೆ 40ರಿಂದ 45 ಗ್ರೇ 10 ಸಿಟ್ಟಿಂಗ್‌ನಲ್ಲಿ. ಗಡ್ಡೆ ಸಣ್ಣದಿದ್ದರೆ 35 ಗ್ರೇಯನ್ನು ಬರೀ 5 ಸಿಟ್ಟಿಂಗ್‌ನಲ್ಲಿ ಕೊಡುವ ಪದ್ಧತಿಯೂ ಹಳೆಯದೇ. ತೀರಾ ನಿಶ್ಶಕ್ತರಿಗೆ, ಸಣ್ಣ ಗಂಟಿಗೆ, 18ರಿಂದ 20 ಗ್ರೇಯನ್ನು ಒಂದೇ ಸಲ ಕೊಡುವುದುಂಟು. ಗುಣ ಮಾಡುವ ಗುರಿ ಬಿಟ್ಟು ರಕ್ತ ನಿಲ್ಲಿಸಲು, ನೋವು ತಗ್ಗಿಸಲು ಮಾತ್ರವಾದರೆ 8 ಗ್ರೇ, ಒಂದೇ ಸಲ.

ಸಿಟ್ಟಿಂಗ್ ಕಡಿಮೆ ಆದರೆ ಕಳೆದುಕೊಳ್ಳುವುದು ಏನು? ಮುಖ್ಯವಾಗಿ ಚಂದ. ಒಂದೊಂದು ಸಲದ ಪ್ರಮಾಣ ಜಾಸ್ತಿ ಆದಷ್ಟೂ ಮುಂದೆ ಆ ಜಾಗ ಹೆಚ್ಚು ಬಿಳಿಚಿಕೊಳ್ಳುತ್ತದೆ, ಗಟ್ಟಿಯಾಗುತ್ತದೆ, ಸಣ್ಣ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ. ಗಡ್ಡೆ ದೊಡ್ಡದಿದ್ದರೆ, ಕಣ್ಣಿಗೆ ಅಥವಾ ಕಿವಿಯ ಮೃದು ಎಲುಬಿಗೆ ಹತ್ತಿರ ಇದ್ದರೆ, ಪ್ರಮಾಣವನ್ನು ಹೆಚ್ಚು ದಿನಕ್ಕೆ ಹಂಚುವುದೇ ಒಳ್ಳೆಯದು.

ಈಗ ಇಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬರು ಎಪ್ಪತ್ತೆರಡರವರು. ಬೆಳಿಗ್ಗೆ ಎದ್ದು ತೋಟಕ್ಕೆ ಹೋಗಿ ಬರುತ್ತಾರೆ, ಮಗಳ ಮನೆ ಆಸ್ಪತ್ರೆ ಇರುವ ಊರಲ್ಲೇ ಇದೆ. ಅವರು ನಾಲ್ಕೋ ಆರೋ ವಾರದ ಕೋರ್ಸ್ ಮುಗಿಸಿ ಮುಂದಿನ ಹದಿನೈದು ವರ್ಷ ನಿಶ್ಚಿಂತೆಯಾಗಿರಲಿ. ಇನ್ನೊಬ್ಬರಿಗೆ ಎಂಬತ್ತೆಂಟು. ಕಾರಿಗೆ ಹತ್ತಿಸಲು ಇಬ್ಬರು ಬೇಕು, ಆಸ್ಪತ್ರೆ ಮೂರು ಗಂಟೆ ದಾರಿ, ದಾರಿಯಲ್ಲಿ ಮೂತ್ರಕ್ಕೆ ನಿಲ್ಲಿಸಲು ಜಾಗವಿಲ್ಲ. ಅವರಿಗೆ ಮೂವತ್ತು ಸಲ ಆ ಪ್ರಯಾಣ ಮಾಡಿಸಿದರೆ ಕ್ಯಾನ್ಸರ್‌ಗಿಂತ ಮೊದಲು ಪ್ರಯಾಣವೇ ಅವರನ್ನು ಮಲಗಿಸುತ್ತದೆ. ಅರ್ಧಕ್ಕೆ ಬಿಟ್ಟ ದೊಡ್ಡ ಕೋರ್ಸ್‌ಗಿಂತ ಪೂರ್ತಿ ಮುಗಿಸಿದ ಚಿಕ್ಕ ಕೋರ್ಸ್ ಎಷ್ಟೋ ಮೇಲು. ಓಪಿಡಿಯ ಗದ್ದಲದಲ್ಲಿ ಡಾಕ್ಟರಿಗೆ ಈ ಮೂರು ಗಂಟೆಯ ದಾರಿ ಕಾಣುವುದಿಲ್ಲ. ನೀವೇ ಹೇಳಬೇಕು: ‘ಸಾರ್, ದಿನಾ ಕರೆತರೋದು ನಮ್ಮ ಕೈಲಿ ಆಗಲ್ಲ, ವಾರಕ್ಕೊಂದು ಸಲದ್ದು ಇವರಿಗೆ ಆಗುತ್ತಾ?’ ಇದು ಚೌಕಾಸಿ ಅಲ್ಲ, ಸಂಕೋಚ ಬೇಡ.

ಇನ್ನೊಂದು ಮಾತು. ಈ ಚರ್ಚೆ ನಡೆಯುವಾಗ ಹಿರಿಯರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ. ಕಿವಿ ಮಂದವಾಗಿದ್ದರೆ ಪಕ್ಕದಲ್ಲಿ ಕೂತು ಜೋರಾಗಿ ಹೇಳಿ. ಕನ್ನಡಿಯಲ್ಲಿ ಹೇಗೆ ಕಾಣುತ್ತೀನಿ ಅನ್ನುವುದು ಎಂಬತ್ತರ ಅಜ್ಜಿಗೂ ಮುಖ್ಯ ಇರಬಹುದು. ‘ಬೇಗ ಮುಗಿಸಿ ಮನೆಗೆ ಕಳಿಸಿ’ ಅನ್ನುವುದೇ ಅಜ್ಜನ ಆಸೆ ಇರಬಹುದು. ಆ ಆಯ್ಕೆ ಅವರದು.

ದುಡ್ಡು, ಕಾಗದ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಮೊದಲೇ ಜೋಡಿಸಿಕೊಳ್ಳಿ. ಚಿಕಿತ್ಸೆ ಶುರುವಾದ ಮೇಲೆ ಓಡಾಡುವುದು ಕಷ್ಟ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಿಂದ ಇದೆ. ಅದರ ಆವರಣದಲ್ಲೇ ಹೊರ ಊರಿನವರಿಗೆ ಧರ್ಮಶಾಲೆ ಉಂಟು, ದಾಖಲಾತಿ ದಿನವೇ ಜಾಗ ವಿಚಾರಿಸಿ. ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲೇ ಪತ್ರ ಬರೆಸಿಕೊಳ್ಳಬೇಕು.

ಅಳತೆ ತೆಗೆಯುವ ದಿನ

ಮೊದಲ ದಿನವೇ ರೇಡಿಯೇಷನ್ ಕೊಡುವುದಿಲ್ಲ. ಅಂದು ಅಳತೆ, ಗುರುತು, ಅಚ್ಚು ಇಷ್ಟೇ. ಚಿಕಿತ್ಸೆ ಶುರುವಾಗುವುದು ಕೆಲವು ದಿನ ಬಿಟ್ಟು.

ಮೂಗಿನ ಮೇಲೆ ಗಡ್ಡೆ ಇರುವ ಅಜ್ಜಿಯರ ಮನೆಯವರು ಒಂದು ಕೆಲಸ ಮರೆಯಬಾರದು: ಮೂಗುಬೊಟ್ಟು. ಲೋಹ ಇದ್ದರೆ ಸ್ಕ್ಯಾನಿನಲ್ಲಿ ಚಿತ್ರ ಕೆಡುತ್ತದೆ, ರೇಡಿಯೇಷನ್ ಪ್ರಮಾಣವೂ ಅದರ ಸುತ್ತ ಏರುಪೇರಾಗುತ್ತದೆ. ತೆಗೆಯಲೇಬೇಕು. ಆದರೆ ಮದುವೆಯಲ್ಲಿ ಇಟ್ಟದ್ದನ್ನು ಐವತ್ತು ಅರವತ್ತು ವರ್ಷ ತೆಗೆದೇ ಇರುವುದಿಲ್ಲ. ಒಳಗಿನ ತಿರುಪು ಕಿಲುಬು ಹಿಡಿದು ಕೂತಿರುತ್ತದೆ, ಆಸ್ಪತ್ರೆಯಲ್ಲಿ ಎಳೆದಾಡಿದರೆ ಗಾಯವಾಗುತ್ತದೆ. ನಾಲ್ಕು ದಿನ ಮೊದಲೇ ಪರಿಚಯದ ಅಕ್ಕಸಾಲಿಗರ ಹತ್ತಿರ ಹೋಗಿ ನಿಧಾನವಾಗಿ ತೆಗೆಸಿ. ಗಡ್ಡೆ ತಿರುಪಿನ ಮೇಲೇ ಬೆಳೆದಿದ್ದರೆ ಮುಟ್ಟಬೇಡಿ, ಡಾಕ್ಟರಿಗೇ ಬಿಡಿ. ಯಾಕೆ ತೆಗೆಯಬೇಕು ಅಂತ ಅಜ್ಜಿಗೆ ಬಿಡಿಸಿ ಹೇಳಿ. ಅದು ಅವರಿಗೆ ಬರೀ ಒಡವೆಯಲ್ಲ, ಅಲ್ವಾ?

ತಲೆ ಅಲುಗದಿರಲು ಮುಖಕ್ಕೆ ಒಂದು ಮಾಸ್ಕ್ ಮಾಡುತ್ತಾರೆ. ಬಿಸಿನೀರಲ್ಲಿ ಅದ್ದಿದರೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುವ, ತೂತು ತೂತಾದ ಪ್ಲಾಸ್ಟಿಕ್ ಹಾಳೆ ಅದು. ಮುಖದ ಮೇಲೆ ಎಳೆದು ಕೂರಿಸಿದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಉಸಿರಾಟಕ್ಕೆ ತೊಂದರೆ ಇಲ್ಲ. ಹಲ್ಲುಸೆಟ್ ಹಾಕಿಕೊಂಡು ಅಚ್ಚು ತೆಗೆಸಿದರೆ ಪ್ರತಿ ಸಲವೂ ಹಾಕಿಯೇ ಮಲಗಬೇಕು, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಗಡ್ಡ ಇರುವವರಿಗೂ ಇದೇ ಮಾತು.

ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಲಿನಾಕ್ ಅನ್ನುವ ರೇಡಿಯೇಷನ್ ಯಂತ್ರದಿಂದ ಬರುವ ಎಲೆಕ್ಟ್ರಾನ್ ಕಿರಣ. ಇದು ಕೆಲವೇ ಸೆಂಟಿಮೀಟರ್ ಒಳಗಿಳಿದು ನಿಂತುಬಿಡುತ್ತದೆ, ಆಳದ ಅಂಗಗಳಿಗೆ ತಾಗುವುದು ತೀರಾ ಕಡಿಮೆ. ಮೇಲ್ಮೈಗೆ ಪೂರ್ತಿ ಪ್ರಮಾಣ ಸಿಗಲೆಂದು ಗಡ್ಡೆಯ ಮೇಲೆ ಮೇಣದ ಅಥವಾ ಜೆಲ್ಲಿನಂಥ ಪದರ ಇಡುತ್ತಾರೆ. ಸುತ್ತಲಿನ ಒಳ್ಳೆಯ ಚರ್ಮ ಉಳಿಸಲು ಗಡ್ಡೆಯ ಆಕಾರಕ್ಕೆ ತೂತು ಕೊರೆದ ಸೀಸದ ತಗಡು ಅಡ್ಡ ಇರುತ್ತದೆ. ರೆಪ್ಪೆಯ ಗಡ್ಡೆಯಾದರೆ ಕಣ್ಣಿಗೆ ಮರಗಟ್ಟಿಸುವ ಡ್ರಾಪ್ಸ್ ಹಾಕಿ, ರೆಪ್ಪೆಯ ಒಳಗೆ ಲೋಹದ ಪುಟ್ಟ ರಕ್ಷಾಕವಚ ಇಡುತ್ತಾರೆ. ಅಂದು ಮರಗಟ್ಟಿದ್ದು ಇಳಿಯುವವರೆಗೆ ಕಣ್ಣು ಉಜ್ಜಿಕೊಳ್ಳದಂತೆ ಜೊತೆಗೇ ಇರಿ. ಕೆಲವು ಕಡೆ ಬ್ರೇಕಿಥೆರಪಿ ಮಾಡುತ್ತಾರೆ. ಅದರಲ್ಲಿ ಅಚ್ಚಿನೊಳಗಿನ ಸಣ್ಣ ಕೊಳವೆಗಳ ಮೂಲಕ ರೇಡಿಯೇಷನ್ ಸೂಸುವ ಕಾಳು ಬಂದು, ಕೆಲಸ ಮುಗಿಸಿ ಯಂತ್ರದೊಳಕ್ಕೆ ವಾಪಸ್ ಹೋಗುತ್ತದೆ.

ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ಮರೆಯದೆ ತೋರಿಸಿ. ಚಿಕಿತ್ಸೆ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ, ಆದರೆ ಅವರಿಗೆ ಗೊತ್ತಿರಲೇಬೇಕು. ಚರ್ಮದ ಮೇಲೆ ಬರೆದ ಗುರುತನ್ನು ಉಜ್ಜಿ ಅಳಿಸಬೇಡಿ. ಅಳಿಸಿಹೋದರೆ ಮನೆಯಲ್ಲಿ ನೀವೇ ತಿದ್ದಬೇಡಿ, ಮರುದಿನ ಟೆಕ್ನಿಷಿಯನ್‌ಗೆ ಹೇಳಿ.

‘ಕರೆಂಟ್’ ಕೊಡುವ ದಿನಗಳು

ಊರಲ್ಲಿ ಇದಕ್ಕೆ ಕರೆಂಟ್ ಕೊಡೋದು ಅನ್ನುತ್ತಾರೆ, ಆ ಹೆಸರಿಗೇ ಅರ್ಧ ಜನ ಹೆದರುತ್ತಾರೆ. ಶಾಕ್ ಹೊಡೆಯುವುದಿಲ್ಲ, ಬಿಸಿ ಆಗುವುದಿಲ್ಲ, ಆ ಹೊತ್ತಿನಲ್ಲಿ ಏನೂ ಗೊತ್ತಾಗುವುದಿಲ್ಲ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. 1899ರ ಹೊತ್ತಿಗೇ ಸ್ವೀಡನ್ನಿನಲ್ಲಿ ಇದರಿಂದ ಚರ್ಮದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಟ್ಟಿದ್ದರು. ಅಷ್ಟು ಹಳೆಯ, ಅನುಭವ ಇರುವ ಚಿಕಿತ್ಸೆ ಇದು.

ಒಳಗೆ ಇರುವುದು ಹತ್ತು ಹದಿನೈದು ನಿಮಿಷ. ಅದರಲ್ಲಿ ಕಿರಣ ಬರುವುದು ಒಂದೆರಡು ನಿಮಿಷ, ಉಳಿದದ್ದೆಲ್ಲ ಸರಿಯಾಗಿ ಮಲಗಿಸುವ ಕೆಲಸ. ಆ ಸ್ವಲ್ಪ ಹೊತ್ತು ಅವರು ಒಬ್ಬರೇ ಇರಬೇಕು. ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಾರೆ, ಮೈಕಿನಲ್ಲಿ ಮಾತಾಡುತ್ತಾರೆ. ಮರೆವಿನ ಕಾಯಿಲೆ ಇರುವವರಿಗೆ ಕಷ್ಟ ಇಲ್ಲೇ. ಒಂದು ವಾರ ಮೊದಲಿನಿಂದ ಮನೆಯಲ್ಲಿ ಗಟ್ಟಿ ಹಾಸಿಗೆ ಮೇಲೆ ಐದು ನಿಮಿಷ ಅಲುಗದೆ ಮಲಗುವ ಅಭ್ಯಾಸ ಮಾಡಿಸಿ. ದಿನಾ ಒಂದೇ ಹೊತ್ತಿಗೆ, ಆದಷ್ಟು ಬೆಳಿಗ್ಗೆ, ಒಬ್ಬರೇ ಕರೆದುಕೊಂಡು ಹೋಗಿ. ಅವರಿಗೆ ಇಷ್ಟದ ದೇವರನಾಮವನ್ನು ಒಳಗೆ ಹಾಕಬಹುದಾ ಅಂತ ಟೆಕ್ನಿಷಿಯನ್‌ರನ್ನು ಕೇಳಿ ನೋಡಿ. ಮಾಸ್ಕ್ ಹಾಕುವ ಮುಂಚೆ ಕಿವಿಯ ಮಿಷನ್ ತೆಗೆಸುತ್ತಾರೆ, ಹಾಗಾಗಿ ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿಬಿಡಿ.

ಕೂದಲು ಉದುರುವುದು ಕಿರಣ ಬಿದ್ದ ಜಾಗದಲ್ಲಿ ಮಾತ್ರ. ಅಲ್ಲಿ ಮತ್ತೆ ಬೆಳೆಯದೇ ಇರಬಹುದು. ವಾಂತಿ ಆಗುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು. ಮೈಯಲ್ಲಿ ರೇಡಿಯೇಷನ್ ಉಳಿಯುವುದಿಲ್ಲ. ಎಷ್ಟೋ ಮನೆಯಲ್ಲಿ ಭಯದಿಂದ ಅಜ್ಜ ಅಜ್ಜಿಗೆ ತಟ್ಟೆ ಲೋಟ ಬೇರೆ ಇಡುತ್ತಾರೆ. ಅದರ ನೋವು ಕಾಯಿಲೆಯ ನೋವಿಗಿಂತ ಕಮ್ಮಿಯದಲ್ಲ.

ಚರ್ಮದ ಆರೈಕೆ

ಎರಡನೇ ವಾರದ ಹೊತ್ತಿಗೆ ಜಾಗ ಕೆಂಪಾಗುತ್ತದೆ ಅಥವಾ ಕಪ್ಪಾಗುತ್ತದೆ. ಆಮೇಲೆ ಸಿಪ್ಪೆ ಏಳುತ್ತದೆ, ರಸಿಕೆ ಬರಬಹುದು, ಹಕ್ಕಳೆ ಕಟ್ಟುತ್ತದೆ. ಚಿಕಿತ್ಸೆ ಮುಗಿದ ಮೇಲಿನ ಒಂದೆರಡು ವಾರ ಅತಿ ಕೆಟ್ಟದಾಗಿ ಕಾಣುತ್ತದೆ. ‘ಕರೆಂಟ್ ಕೊಟ್ಟು ಹಾಳು ಮಾಡಿದ್ರು’ ಅಂತ ಮನೆಯವರು ಕಂಗೆಡುವುದು ಈ ಹೊತ್ತಿನಲ್ಲೇ. ಆದರೆ ಇದು ಬರಬೇಕಾದ್ದೇ. ಮುಖದ ಗಾಯ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮಾಯುತ್ತದೆ, ಕಾಲಿನದಕ್ಕೆ ಇನ್ನೂ ತಿಂಗಳುಗಳು ಬೇಕು.

ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಿಂದ ಮೆಲ್ಲಗೆ ತೊಳೆದು, ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಉಜ್ಜಬೇಡಿ. ಆಸ್ಪತ್ರೆಯವರು ಬರೆದ ಮುಲಾಮು ಮಾತ್ರ ಹಚ್ಚಿ. ಅರಿಶಿನ, ಪೌಡರ್, ನೋವಿನ ಬಾಮ್, ಸುಣ್ಣ ಯಾವುದೂ ಬೇಡ. ಹಣೆಗೆ ಚಿಕಿತ್ಸೆ ನಡೆಯುತ್ತಿದ್ದರೆ ವಿಭೂತಿ, ಕುಂಕುಮ, ನಾಮ ಆ ಜಾಗಕ್ಕೆ ತಾಗದಿರಲಿ. ಬೇಕಾದರೆ ಕುತ್ತಿಗೆಗೋ ತೋಳಿಗೋ ಹಚ್ಚಿಕೊಳ್ಳಲಿ. ಅಂಟುವ ಪ್ಲಾಸ್ಟರ್ ಹಾಕಬೇಡಿ, ಕೀಳುವಾಗ ಚರ್ಮವೇ ಬರುತ್ತದೆ. ಕನ್ನಡಕದ ಮೂಗಿನ ಗುಬುಟು ಗಾಯಕ್ಕೆ ಉಜ್ಜುತ್ತಿದ್ದರೆ ಅಷ್ಟು ದಿನ ಕನ್ನಡಕ ಕಡಿಮೆ ಹಾಕಲಿ. ಹಕ್ಕಳೆಯನ್ನು ಕೀಳದಂತೆ ನೋಡಿಕೊಳ್ಳಿ. ರಾತ್ರಿ ತಿಳಿಯದೆ ಕೆರೆಯುವವರ ಉಗುರು ಕತ್ತರಿಸಿಡಿ. ನೊಣ ಕೂರದಂತೆ ಎಚ್ಚರ ವಹಿಸಿ, ಮಲಗುವಾಗ ಸೊಳ್ಳೆಪರದೆ ಕಟ್ಟಿ. ಮೊಟ್ಟೆ, ಬೇಳೆ, ಮೊಸರು ಚೆನ್ನಾಗಿ ಕೊಡಿ, ‘ಗಾಯಕ್ಕೆ ಆಗಲ್ಲ’ ಅಂತ ಪಥ್ಯ ಹಿಡಿಸಿ ಸೊರಗಿಸಬೇಡಿ. ಶುಗರ್ ಹತೋಟಿಯಲ್ಲಿರಲಿ.

ಜ್ವರ, ಕೀವು, ಕೆಟ್ಟ ವಾಸನೆ, ಒತ್ತಿ ಹಿಡಿದರೂ ನಿಲ್ಲದ ರಕ್ತ, ಕಣ್ಣಿನಲ್ಲಿ ನೋವು ಅಥವಾ ದೃಷ್ಟಿ ಮಸುಕು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ.

ಮುಗಿದ ಮೇಲೆ

ಗಡ್ಡೆ ಹೋಗಿದೆಯಾ ಅಂತ ಹದಿನೈದು ದಿನಕ್ಕೇ ಹೇಳಲಾಗುವುದಿಲ್ಲ. ಸತ್ತ ಜೀವಕೋಶಗಳು ಕರಗಲು ಸಮಯ ಬೇಕು. ಸುಮಾರು ಮೂರು ತಿಂಗಳಿಗೆ ನೋಡಿದರೆ ಸ್ಪಷ್ಟವಾಗುತ್ತದೆ. ಮಧ್ಯೆ ಯಾರಾದರೂ ‘ಇನ್ನೂ ಗಂಟಿದೆ, ಮತ್ತೆ ಬಯಾಪ್ಸಿ ಮಾಡಿಸಿ’ ಅಂದರೆ ರೇಡಿಯೇಷನ್ ಕೊಟ್ಟ ಡಾಕ್ಟರನ್ನು ಕೇಳದೆ ಚುಚ್ಚಿಸಬೇಡಿ, ರೇಡಿಯೇಷನ್ ಆದ ಚರ್ಮದಲ್ಲಿ ಗಾಯ ಸುಲಭಕ್ಕೆ ಕೂಡುವುದಿಲ್ಲ.

ಆ ಜಾಗಕ್ಕೆ ಇನ್ನು ಮೇಲೆ ಬಿಸಿಲು ಕೂಡದು. ತೋಟಕ್ಕೆ ಹೋಗುವವರಿಗೆ ಅಗಲ ಅಂಚಿನ ಟೋಪಿ ಅಥವಾ ಕೊಡೆ. ಬರೀ ಟವೆಲ್ ಸುತ್ತಿದರೆ ಮೂಗು, ಕಿವಿ ಹೊರಗೇ ಉಳಿಯುತ್ತವೆ. ಕಣ್ಣಿನ ಪಕ್ಕ ಚಿಕಿತ್ಸೆ ಆದವರಿಗೆ ಕಣ್ಣಲ್ಲಿ ನೀರು ಸುರಿಯುವುದು, ಮೂಗಿಗೆ ಆದವರಿಗೆ ಒಳಗೆ ಒಣಗಿ ಹಕ್ಕಳೆ ಕಟ್ಟುವುದು ಉಳಿದುಕೊಳ್ಳಬಹುದು. ಎರಡಕ್ಕೂ ಡ್ರಾಪ್ಸ್ ಇದೆ, ಕೇಳಿ.

ಒಮ್ಮೆ ಚರ್ಮದ ಕ್ಯಾನ್ಸರ್ ಬಂದವರಿಗೆ ಬೇರೆ ಜಾಗದಲ್ಲಿ ಇನ್ನೊಂದು ಬರುವ ಸಾಧ್ಯತೆ ಇದೆ. ಹಾಗಾಗಿ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ಮನೆಯಲ್ಲಿ ತಿಂಗಳಿಗೊಮ್ಮೆ, ತಲೆಸ್ನಾನ ಮಾಡಿಸುವ ದಿನ ನೋಡಿಕೊಂಡು, ನೆತ್ತಿ, ಕಿವಿಯ ಹಿಂಭಾಗ, ಬೆನ್ನು, ಅಂಗಾಲು ಎಲ್ಲಾ ಬೆಳಕಿನಲ್ಲಿ ಪರೀಕ್ಷಿಸಿ. ಸ್ಕ್ವೇಮಸ್ ಆಗಿದ್ದವರ ಕುತ್ತಿಗೆಯನ್ನು ಬೆರಳಿನಿಂದ ಸವರಿ ನೋಡಿ. ಹೊಸ ಗಂಟು ಸಿಕ್ಕರೆ ಮೊಬೈಲಿನಲ್ಲಿ ಫೋಟೋ ತೆಗೆದು, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಅಳತೆ ತಿಳಿಯುವಂತೆ ಮಾಡಿ, ತಾರೀಖು ಬರೆದು ಆ ವಾರದೊಳಗೆ ಡಾಕ್ಟರಿಗೆ ತೋರಿಸಿ.